ಕನೀನಿಕೆಯ ಕತ್ತಲೆಯೂ ನೇತ್ರಾಂತರ್ದರ್ಶಕ ಯಂತ್ರವೂ

ಕಣ್ಣಿನ ನಡುವಣ ಕರಿಯ ಭಾಗಕ್ಕೆ ಸಂಸ್ಕೃತದಲ್ಲಿ ಕನೀನಿಕಾ ಎಂದೂ ಕನ್ನಡದಲ್ಲಿ ಪಾಪೆಯೆಂದೂ ಹೆಸರು. ಮೊದಲನೆಯದಕ್ಕೆ ಬಾಲಿಕೆಯೆಂದೂ ಎರಡನೆಯದಕ್ಕೆ ಬೊಂಬೆಯೆಂದೂ ಅರ್ಥಾಂತರಗಳುಂಟು. ಲ್ಯಾಟಿನ್ ಭಾಷೆಯ ಪ್ಯೂಪಿಲ್ಲಾ ಶಬ್ದವೂ ಇದೇ ಜಾತಿಯದು. ಒಬ್ಬರ ಕಣ್ಣನ್ನು ಸಮೀಪದಿಂದ ನೋಡುವವನಿಗೆ ಅಲ್ಲಿ ತನ್ನದೇ ಕಿರಿಯ ಪ್ರತಿಬಿಂಬವು ತೋರುವುದೇ ಈ ಹೆಸರುಗಳಿಗೆ ಮೂಲವೆಂದು ವಿದ್ವಾಂಸರು ಊಹಿಸುವರು. ಆ ಬಿಂಬದ ಹಿಂದಣ ಪ್ರದೇಶವಾದರೋ ವೈದ್ಯರಿಗೆ ಬಹುಕಾಲ ಅಗೋಚರವಾಗಿಯೇ ಇದ್ದಿತು.

ಪಾಪೆಯು ಕರಿದಾಗಿ ತೋರುವುದು ಒಳಗೆ ಬೆಳಕು ಹೊಗದುದರಿಂದಲ್ಲ. ದೀಪದಿಂದ ಹೊಕ್ಕ ಕಿರಣಗಳು ಹಿಂಭಾಗದ ಅಕ್ಷಿಪಟಲದ ಮೇಲೆ ಕೂಡುತ್ತವೆ. ಅಲ್ಲಿಂದ ಮರಳುವವು ಬಂದ ದಾರಿಯನ್ನೇ ಹಿಡಿದು ದೀಪದ ಕಡೆಗೇ ಹೋಗುತ್ತವೆ. ಅವನ್ನು ಕಾಣಬೇಕಾದರೆ ನೋಡುವವನ ಕಣ್ಣು ಆ ದಾರಿಯಲ್ಲಿಯೇ ಇರಬೇಕು. ಅಲ್ಲಿ ತಲೆಯಿಟ್ಟರೆ ದೀಪಕ್ಕೆ ಅಡ್ಡವಾಗುವುದು. ಪಕ್ಕಕ್ಕೆ ಸರಿದರೆ ಮರಳುವ ಕಿರಣವು ದೊರೆಯದು. ಎಂದರೆ, ಆ ಕತ್ತಲೆಗೆ ನೋಡುವವನ ನೆಲೆಯೇ ಕಾರಣ.

ಶರೀರಶಾಸ್ತ್ರಜ್ಞನಾದ ಬ್ರೂಕೆಯು ಮನುಷ್ಯನ ಕಣ್ಣು ಹೊಳೆಯುವಂತೆ ಮಾಡುವ ಬಗೆಯನ್ನು ಕಂಡಿದ್ದನು. ಹೊರಬರುವ ಕಿರಣಗಳಿಂದ ಎಂತಹ ಬಿಂಬವು ಏರ್ಪಡುವುದೆಂದು ಮಾತ್ರ ವಿಚಾರಿಸಲಿಲ್ಲ. ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಅಧ್ಯಾಪಕನಾಗಿದ್ದ ಹೆಲ್ಮ್‌ಹೋಲ್ಟ್ಸನು, ಈ ತತ್ತ್ವವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಅಣಿಯಾಗುತ್ತಿದ್ದಾಗ, ಆ ಪ್ರಶ್ನೆಯನ್ನೆತ್ತಿ ೧೮೫೦ರಲ್ಲಿ ಯಂತ್ರವನ್ನು ನಿರ್ಮಿಸಿದನು. ತೆಳ್ಳನೆಯ ಗಾಜಿನ ಹಲ್ಲೆಗಳನ್ನು ಎರಡು ಕಣ್ಣುಗಳ ನಡುವೆ ಓರೆಯಾಗಿ ಹಿಡಿದರೆ, ಪಕ್ಕದ ದೀಪದ ಬೆಳಕು ಅವುಗಳಲ್ಲಿ ಪ್ರತಿಫಲಿಸಿ ರೋಗಿಯ ಕಣ್ಣನ್ನು ಹೊಗುವುದು. ಮರಳಿದುದರಲ್ಲಿ ಒಂದಂಶವು ಗಾಜನ್ನು ಹಾದು ನೋಡುವವನನ್ನು ಸೇರುವುದು. ಬಿಂಬವು ಸ್ಫುಟವಾಗಲು ನಿಮ್ನಮಸೂರವೊಂದು ಸಹಾಯಕ. ಇದರ ವಿವರಣೆಯು ೧೮೫೧ರಲ್ಲಿ ಪ್ರಕಟವಾಯಿತು. ೧೮೫೨ರಲ್ಲಿ ರೂಯೆಟೆಯು ಗಾಜಿಗೆ ಬದಲಾಗಿ ನಡುವೆ ರಂಧ್ರವುಳ್ಳ ನಿಮ್ನದರ್ಪಣವನ್ನು ಬಳಸಿದನು.

ಅದಕ್ಕೆ ಮೊದಲು, ಹೊರಗೆ ಯಾವ ವಿಕಾರವೂ ಕಾಣದ ಕುರುಡಿಗೆಲ್ಲ ಐರೋಪ್ಯ ವೈದ್ಯರು ಅಮೊರೋಸಿಸ್ ಎಂಬ ಒಂದೇ ಹೆಸರನ್ನಿಡುತ್ತಿದ್ದರು. ಯಂತ್ರವು ಬಂದಮೇಲೆ ಆ ಒಂದು ಹೆಸರಿನೊಳಗೆ ಅಡಗಿದ್ದ ಹಲವು ರೋಗಗಳು ಬೇರೆಬೇರೆಯಾಗಿ ತೋರಿದವು: ಅಕ್ಷಿಪಟಲವು ಕಳಚಿಕೊಳ್ಳುವುದು, ದೃಷ್ಟಿನರವು ಬಾಡುವುದು, ಗ್ಲಾಕೋಮಾದಿಂದ ಆ ನರದ ತಲೆಯಲ್ಲಿ ಗುಳಿ ಬೀಳುವುದು. ಮೈಯನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ಕಾಣಬಹುದಾದ ಎಡೆಯೂ ಇದೇ ಆದುದರಿಂದ, ಮಧುಮೇಹ, ರಕ್ತದ ಒತ್ತಡ ಮೊದಲಾದವುಗಳ ಹಾನಿಯನ್ನೂ ಇಲ್ಲಿ ಅರಿಯಬಹುದು.

ಪಾಪೆಯೆಂದರೆ ಕರಿಯ ಮಣಿಯಲ್ಲ, ಬೆಳಕು ಹೋಗಿಬರುವ ರಂಧ್ರ. ಕೋಶಗಳಲ್ಲಿಯೂ ಪಾಠಗಳಲ್ಲಿಯೂ ಈ ಅರ್ಥವನ್ನು ಹೇಳಿ, ಬೊಂಬೆಯ ಕಥೆಯನ್ನು ನಿರುಕ್ತಿಯಾಗಿ ಅದರ ಪಕ್ಕದಲ್ಲಿರಿಸುವುದು ಯುಕ್ತ.