ಪೇರಿಸಿದ ಪೆಟ್ಟಿಗೆಗಳು ಜಾರುವುದೇಕೆ?

ಭಾರವಾದ ಸರಕು ತನ್ನ ಭಾರದಿಂದಲೇ ಲಾರಿಯಲ್ಲಿ ನೆಲೆನಿಲ್ಲುತ್ತದೆ, ಹಗ್ಗ ಬೇಕಾದುದು ಹಗುರ ಸರಕಿಗೆ ಮಾತ್ರ ಎಂಬ ನಂಬಿಕೆ ವರ್ತಕರಲ್ಲಿ ಬಲವಾಗಿ ಬೇರೂರಿದೆ. ಇದು ತಪ್ಪೆಂಬುದು ಅನೇಕರಿಗೆ ತಿಳಿಯುವುದು ವಿಮೆಯ ಕ್ಲೇಮು ತಿರಸ್ಕೃತವಾದ ಮೇಲೆಯೇ.

ಒಂದರ ಮೇಲೊಂದಿಟ್ಟ ಎರಡು ಪೆಟ್ಟಿಗೆಗಳಲ್ಲಿ ಮೇಲಿನದನ್ನು ಯಾರೂ ಎಳೆಯುವುದಿಲ್ಲ, ತಳ್ಳುವುದೂ ಇಲ್ಲ. ಕೆಳಗಿನ ಪೆಟ್ಟಿಗೆಯ ಮೈ ಅದರ ತಳವನ್ನು ಹಿಡಿದುಕೊಳ್ಳುವ ಸ್ಥಿತ ಘರ್ಷಣೆಯೇ ಅದನ್ನು ಜೊತೆಗೆ ಒಯ್ಯುತ್ತದೆ. ಘರ್ಷಣೆಯೆಂದರೆ ಚಲನೆಗೆ ಅಡ್ಡಿಯೆಂದು ಶಾಲೆಯಲ್ಲಿ ಕಲಿತವರಿಗೆ ಇದು ವಿಚಿತ್ರವೆನಿಸೀತು. ಲಾರಿ ಹೊರಟಾಗ ಮುಂದಕ್ಕೆ, ಬ್ರೇಕ್ ಹಾಕಿದಾಗ ಹಿಂದಕ್ಕೆ, ತಿರುವಿನಲ್ಲಿ ಒಳಮಗ್ಗುಲಿಗೆ, ಅಗತ್ಯವಿದ್ದಷ್ಟೇ ಬಲವನ್ನು ಅದು ಒದಗಿಸುತ್ತದೆ. ಬ್ಯಾಂಕಿನ ಓವರ್‌ಡ್ರಾಫ್ಟಿನಂತೆ ಮಿತಿಯೊಳಗೆ ಮಾತ್ರ.

ಈ ಮಿತಿಯು ತಾಗುವ ಮೈಯ ವಿಸ್ತಾರವನ್ನಲ್ಲ, ಒತ್ತುವ ಭಾರವನ್ನು ಅನುಸರಿಸುತ್ತದೆಂದು ಫ್ರಾನ್ಸಿನ ಅಮೊಂಟೊನ್ 1699ರಲ್ಲಿ ತಿಳಿಸಿದನು. ಕೂಲಂಬನ ವಿಸ್ತೃತ ಪ್ರಯೋಗಗಳು 1785ರಲ್ಲಿ ಪ್ರಕಟವಾದವು. ಭಾರ ಇಮ್ಮಡಿಯಾದರೆ ಹಿಡಿತವೂ ಇಮ್ಮಡಿ, ನಿಜ. ಆದರೆ ಆ ಪೆಟ್ಟಿಗೆಯನ್ನು ತಡೆದು ನಿಲ್ಲಿಸಲು ಬೇಕಾದ ಬಲವೂ ಇಮ್ಮಡಿ. ಜಮಾ ಖರ್ಚುಗಳೆರಡೂ ಸಮನಾಗಿ ಏರುವುದರಿಂದ ಭಾರ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಉಳಿಯುವುದು ಘರ್ಷಣಾ ಗುಣಾಂಕವೊಂದೇ.

ಸ್ಥಿತ ಘರ್ಷಣೆಯ ಗುಣಾಂಕ 0.3 ಇದ್ದಲ್ಲಿ, ವೇಗವು ಸೆಕೆಂಡಿಗೆ ಸುಮಾರು 3 ಮೀಟರಿನಂತೆ ಇಳಿಯುವವರೆಗೆ ಪೆಟ್ಟಿಗೆ ಅಲುಗದು. ಚಾಲಕನು ಗಟ್ಟಿಯಾಗಿ ಬ್ರೇಕ್ ತುಳಿದು ಅದು 5 ಮೀಟರಿನಂತೆ ಇಳಿದರೆ ಹಿಡಿತ ತಪ್ಪುತ್ತದೆ. ಒಮ್ಮೆ ಜಾರತೊಡಗಿದ ಮೇಲೆ ಉಳಿಯುವ ಚಲನ ಘರ್ಷಣೆ ಸಾಮಾನ್ಯವಾಗಿ ಇನ್ನೂ ಕಡಿಮೆ. ಅದರ ಗುಣಾಂಕ 0.25 ಎಂದಾದರೆ, ಮುಂದೆ ಒಂದು ಮೀಟರು ತೆರವಿದ್ದರೂ ಸಾಕು, ಪೆಟ್ಟಿಗೆ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಮುಂದಿನ ಹಲಗೆಗೆ ಅಪ್ಪಳಿಸುತ್ತದೆ. ಐವತ್ತು ಕಿಲೋ ಆದರೂ ಅಷ್ಟೇ ವೇಗ, ಐನೂರು ಕಿಲೋ ಆದರೂ ಅಷ್ಟೇ.

ಸಾಲುಗಳು ಮೂರು ನಾಲ್ಕಿದ್ದಾಗ ಅತ್ಯಂತ ನುಣುಪಾದ ಪದರ ಮೊದಲು ಸೋಲುತ್ತದೆ, ಅದರ ಮೇಲಿರುವುದೆಲ್ಲವೂ ಒಂದೇ ಗಡ್ಡೆಯಾಗಿ ಹೊರಡುತ್ತದೆ. ಮಳೆಯ ಭಯದಿಂದ ನಡುವೆ ಹಾಸಿದ ಪ್ಲಾಸ್ಟಿಕ್ ಹಾಳೆ ಇಂತಹ ಪದರವನ್ನು ತಾನಾಗಿ ನಿರ್ಮಿಸುತ್ತದೆ. ಗೋಣಿಚೀಲಕ್ಕಿಂತ ಪ್ಲಾಸ್ಟಿಕ್ ನೇಯ್ಗೆಯ ಚೀಲ ಹೆಚ್ಚು ಜಾರುವುದನ್ನು ಹಮಾಲರು ಯಾವ ಸೂತ್ರವೂ ಇಲ್ಲದೆ ಬಲ್ಲರು.

ಬಿಗಿದ ಹಗ್ಗದ ಮಹತ್ವ ಇಲ್ಲಿದೆ: ಅದು ಸರಕಿನ ತೂಕವನ್ನು ಹೆಚ್ಚಿಸದೆ ಒತ್ತಡವನ್ನಷ್ಟೇ ಹೆಚ್ಚಿಸುತ್ತದೆ. ಪದರಗಳ ನಡುವಿನ ರಬ್ಬರು ಹಾಸು ಗುಣಾಂಕವನ್ನು 0.6ರ ಆಸುಪಾಸಿಗೆ ಏರಿಸುತ್ತದೆ. ಆದರೂ ಯೂರೋಪಿನ ಸರಕು ಬಿಗಿತದ ಮಾನದಂಡವು ಮುಂದಿಕ್ಕಿಗೆ ಸರಕಿನ ತೂಕದ 0.8 ಪಾಲಿನಷ್ಟು ಬಲವನ್ನು ತಡೆಯಬೇಕೆನ್ನುತ್ತದೆ. ಆದುದರಿಂದ ಹಾಸೊಂದನ್ನೇ ನೆಚ್ಚುವಂತಿಲ್ಲ.

ಹಾನಿಯಾದ ಮೇಲೆ ವರ್ತಕನ ಸ್ಥಿತಿ ಅಷ್ಟೇನೂ ಭದ್ರವಲ್ಲ. ಪ್ಯಾಕಿಂಗಿನ ಕೊರತೆಯಿಂದಾದ ಹಾನಿಯನ್ನು ಸಾಗಣೆ ವಿಮೆಯ ಪ್ರಚಲಿತ ಷರತ್ತುಗಳು ಹೊರಗಿಡುತ್ತವೆ. 2007ರ ರಸ್ತೆ ಸಾಗಣೆ ಕಾಯಿದೆ ಹಾಗೂ ಅದರ 2011ರ ನಿಯಮಗಳಂತೆ, ಹೆಚ್ಚಿನ ಅಪಾಯದ ದರ ತೆರಲು ಒಪ್ಪದಿದ್ದಲ್ಲಿ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ದಾವೆ ಹೂಡುವ ಮುನ್ನ ಲಿಖಿತ ನೋಟೀಸು ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ತಲುಪಿರಬೇಕು. ಟಾರ್ಪಾಲಿನ್ ಮುಚ್ಚುವ ಮುನ್ನ ಸಾಲುಗಳ ಹಾಗೂ ಕಟ್ಟಿನ ಛಾಯಾಚಿತ್ರ ತೆಗೆದಿಟ್ಟವರಿಗೆ ಇಂತಹ ಪತ್ರವ್ಯವಹಾರದಲ್ಲಿ ಅನುಕೂಲವುಂಟು. ಸರಕು ಅದುರಿ ತಗ್ಗಿದಂತೆ ಹಗ್ಗವೂ ಸಡಿಲವಾಗುವುದರಿಂದ, ಹೊರಟ ಕೆಲವು ಕಿಲೋಮೀಟರುಗಳಲ್ಲೇ ಲಾರಿ ನಿಲ್ಲಿಸಿ ಅದನ್ನು ಮತ್ತೆ ಬಿಗಿಯುವಂತೆ ಚಾಲಕನಿಗೆ ಹೇಳಿ ಕಳುಹಿಸುವುದು ಒಳ್ಳೆಯದು.