ಗುಂಡಿಗೆ ಬೇಲಿ ಗೊತ್ತಿಲ್ಲ

ರಜೆಯಲ್ಲಿ ಊರಿಗೆ ಬಂದ ಕಾಕ ಪೇಟೆಯಿಂದ ಒಂದು ಏರ್‌ಗನ್ ತರುತ್ತಾರೆ. ಸಿಯಾಳಕ್ಕೆ ಮಂಗ, ಬಸಳೆ ಚಪ್ಪರಕ್ಕೆ ನವಿಲು, ಓಡಿಸಲು ಒಂದು ಬೇಕಲ್ವಾ ಅಂತ. ಕಾಕ ವಿಮಾನ ಹತ್ತಿದ ಮೇಲೆ ಅದು ಅಟ್ಟದಿಂದ ಇಳಿದು ಮಕ್ಕಳ ಕೈ ಸೇರುತ್ತದೆ. "ಲೈಸನ್ಸ್ ಬೇಡದ ಕೋವಿ, ಹೆದರುವುದೇನಿದೆ?" ಅಂತ ನಾವೇ ಹೇಳಿಬಿಡುತ್ತೇವೆ.

ಲೈಸನ್ಸ್ ಬೇಡ ಎನ್ನುವುದು ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದ ಮೇಲೆ ವಿನಾಯಿತಿ ಇರುವುದು 0.177 ಇಂಚಿನ, 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗಳಿಗೆ. ಅದಕ್ಕೂ ಗುರುತು ಮತ್ತು ವಿಳಾಸದ ದಾಖಲೆ ಕೊಟ್ಟೇ ಕೊಳ್ಳಬೇಕು. ಇಟ್ಟುಕೊಳ್ಳಲು ಲೈಸನ್ಸ್ ಬೇಡ ಅಂದರೆ ಹೇಗೆ ಬೇಕಾದರೂ ಹೊಡೆಯಬಹುದು ಅಂತ ಅರ್ಥವಲ್ಲ.

ನಮ್ಮ ಜಾಗ ಎಷ್ಟಿದೆ, ಒಮ್ಮೆ ನೋಡೋಣ. ಐದು ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್. ಒಂದು ಕಡೆಯಿಂದ ಇನ್ನೊಂದು ಕಡೆಗೆ 14 ಮೀಟರ್. ಏರ್‌ಗನ್ನಿನ ಸೀಸದ ಗುಂಡು ತಡೆಯಿಲ್ಲದಿದ್ದರೆ ನೂರಾರು ಮೀಟರ್ ಹೋಗುತ್ತದೆ. ಕಾಗೆಗೆ ಇಟ್ಟ ಗುರಿ ತಪ್ಪಿದರೆ ಆ ಗುಂಡು ಎಲ್ಲಿಗೆ? ಕಂಪೌಂಡಿನಾಚೆ ಬಟ್ಟೆ ಒಣಗಿಸುವ ಉಮ್ಮನ ಕಡೆಗೆ, ಮದ್ರಸದಿಂದ ಬರುವ ಮಕ್ಕಳ ದಾರಿಗೆ. ಕಲ್ಲಿಗೆ, ಕಬ್ಬಿಣಕ್ಕೆ ತಾಗಿದರೆ ಹಿಂದಕ್ಕೂ ಚಿಮ್ಮುತ್ತದೆ.

ಬ್ರಿಟನ್ನಿನಲ್ಲಿ ಅನುಮತಿ ಇಲ್ಲದೆ ಗುಂಡು ನಮ್ಮ ಗಡಿ ದಾಟಿದರೆ ಅದೇ ಅಪರಾಧ, ಯಾರಿಗೂ ತಾಗಬೇಕೆಂದಿಲ್ಲ. ನಮ್ಮಲ್ಲೂ ಇರುವ ಕಾನೂನು ಸಡಿಲವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನ ಪ್ರಕಾರ, ಅಜಾಗರೂಕತೆಯಿಂದ ಇತರರ ಜೀವಕ್ಕೆ ಅಪಾಯ ತಂದರೆ ಗಾಯವಾಗದಿದ್ದರೂ ಮೂರು ತಿಂಗಳವರೆಗೆ ಜೈಲು ಆಗಬಹುದು. ಗಾಯವಾದರೆ ಆರು ತಿಂಗಳು, ತೀವ್ರ ಗಾಯವಾದರೆ ಮೂರು ವರ್ಷದವರೆಗೆ. ಒಂದು ಕಣ್ಣು ಹೋದರೂ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ. ಜೀವ ಹೋದರೆ 106ನೇ ಕಲಮು, ಐದು ವರ್ಷದವರೆಗೆ. ನೆರೆಯವರ ದನ, ಆಡಿಗೆ ಬೇಕಂತಲೇ ಹೊಡೆದು ಕೊಂದರೆ, ಊನ ಮಾಡಿದರೆ 325ನೇ ಕಲಮು.

ಇನ್ನು ಹಕ್ಕಿಗಳ ವಿಷಯ. ನಮ್ಮದೇ ತೋಟ, ನಮ್ಮದೇ ಮರ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ನವಿಲು ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಶಿಕ್ಷೆ, ಜೊತೆಗೆ ದಂಡ. ಕೊಲ್ಲಲು ಯತ್ನಿಸುವುದೂ ಬೇಟೆಯೇ. ಮಂಗ, ನವಿಲಿನ ಕಾಟ ಹೆಚ್ಚಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ.

ಕಾನೂನು ಬಿಡಿ, ನಮ್ಮ ದೀನ್ ಇದನ್ನು ಎಂದೋ ಹೇಳಿದೆ. ಬೆರಳಿನಿಂದ ಸಣ್ಣ ಕಲ್ಲು ಚಿಮ್ಮಿಸುವುದನ್ನು ಪ್ರವಾದಿಯವರು (ಸ) ತಡೆದಿದ್ದರು. ಅದರಿಂದ ಬೇಟೆಯೂ ಆಗದು, ಶತ್ರುವಿಗೂ ತಾಗದು, ಹೋಗುವುದು ಯಾರದೋ ಹಲ್ಲು, ಯಾರದೋ ಕಣ್ಣು ಎಂಬುದು ಅದಕ್ಕೆ ಕಾರಣ. ಬುಖಾರಿ, ಮುಸ್ಲಿಂ ಎರಡರಲ್ಲೂ ಈ ಹದೀಸ್ ಇದೆ. ಬರೀ ಬೆರಳಿನ ಕಲ್ಲಿಗೇ ಇಷ್ಟು ಎಚ್ಚರಿಕೆ ಇರುವಾಗ ಏರ್‌ಗನ್ನಿಗೆ ಎಷ್ಟಿರಬೇಕು?

ಮನೆಯಲ್ಲಿ ಏರ್‌ಗನ್ ಇದ್ದರೆ ಇಂದೇ ಬೀಗ ಹಾಕಿಡೋಣ, ಗುಂಡಿನ ಡಬ್ಬಿ ಬೇರೆ ಕಡೆ ಇರಲಿ. ದೊಡ್ಡವರು ಪಕ್ಕದಲ್ಲಿಲ್ಲದೆ ಮಕ್ಕಳು ಮುಟ್ಟಬಾರದು. ಗುಂಡಿಲ್ಲ ಅಂತ ಗೊತ್ತಿದ್ದರೂ ಯಾರ ಕಡೆಗೂ ತಿರುಗಿಸಬಾರದು. ಗುರಿ ಕಲಿಯಬೇಕಾದರೆ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲಿ. ಮರದ ಮೇಲಕ್ಕೆ, ಗೋಡೆಯ ಮೇಲಿಂದ ಬೇಡವೇ ಬೇಡ. ಯಾರ ಕಣ್ಣಿಗಾದರೂ ತಾಗಿದರೆ ಉಜ್ಜಬೇಡಿ, ತೊಳೆಯಬೇಡಿ, ಗುಂಡು ತೆಗೆಯಲು ಹೋಗಬೇಡಿ. ಕಣ್ಣು ಒತ್ತದ ಹಾಗೆ ಏನಾದರೂ ಅಡ್ಡ ಇಟ್ಟು ನೇರ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಬೇಲಿಯಾಚೆ ಇರುವವರು ಯಾರೇ ಆಗಿರಲಿ, ಅವರು ನಮ್ಮ ನೆರೆಯವರು. ಪೆರ್ನಾಲಿಗೆ ನಮ್ಮ ಮನೆಯಿಂದ ಅವರಿಗೆ ತಿಂಡಿ ಹೋಗುತ್ತದೆ. ಗುಂಡು ಹೋಗುವುದು ಬೇಡ.