ಪಾದ್ರಿ ತಪ್ಪಿದರೆ ಕ್ರಿಸ್ತನನ್ನೂ ಬಿಡಬೇಕೇ?

ಪ್ರಶ್ನೆ: ಚರ್ಚಿನ ಹಿರಿಯರೇ ಅಧಿಕಾರ ದುರುಪಯೋಗ ಮಾಡಿದ ಸುದ್ದಿ ಓದುತ್ತೇವೆ. ಆದರೂ ಭಕ್ತರು ಅಲ್ಲೇ ಉಳಿಯುವುದೇಕೆ?
– ಓದುಗರೊಬ್ಬರು, ಮದ್ದೂರು

ಉತ್ತರ: ಕೆಲವರು ಬಿಟ್ಟೂ ಹೋಗುತ್ತಾರೆ, ಅದು ಅವರ ಹಕ್ಕು. ಉಳಿಯುವವರೆಲ್ಲ ಮುಗ್ಧರೂ ಅಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಒಳಗೊಂಡ ಮೈಸೂರು ಕಥೋಲಿಕ ಧರ್ಮಪ್ರಾಂತ್ಯವನ್ನೇ ನೋಡಿ. 2019ರಲ್ಲಿ 37 ಪಾದ್ರಿಗಳು ತಮ್ಮ ಬಿಷಪರ ಮೇಲೆಯೇ ವ್ಯಾಟಿಕನ್ನಿಗೆ ದೂರು ಬರೆದರು. ಬಿಷಪರು ಆರೋಪಗಳನ್ನು ಅಲ್ಲಗಳೆದರು. 2023ರ ಜನವರಿಯಲ್ಲಿ ರೋಮ್ ಅವರನ್ನು ಆಡಳಿತದಿಂದ ದೂರವಿರಿಸಿ, ಬೆಂಗಳೂರಿನ ನಿವೃತ್ತ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ಅವರಿಗೆ ಹೊಣೆ ಕೊಟ್ಟಿತು. ಬಿಷಪರ ರಾಜೀನಾಮೆ ಅಂಗೀಕಾರವಾದದ್ದು 2025ರ ಜನವರಿಯಲ್ಲಿ. ನನ್ನ ಕೇಳಿದರೆ, ತೀರಾ ತಡ.

ಅಷ್ಟೂ ಕಾಲ ಬಲಿಪೂಜೆ ನಿಲ್ಲಲಿಲ್ಲ. ಸಂಸ್ಕಾರದ ಫಲ ಪಾದ್ರಿಯ ಗುಣದಿಂದಲ್ಲ, ಕ್ರಿಸ್ತನಿಂದ ಎಂದು ಸಂತ ಅಗಸ್ಟೀನನ ಕಾಲದಿಂದಲೂ ಚರ್ಚು ಹೇಳುತ್ತ ಬಂದಿದೆ. ನೀರುಗಂಟಿ ಲಂಚಕೋರನಾದರೆ ನಾಲೆಯ ಕಾವೇರಿ ಕೆಡುತ್ತದೆಯೇ? ಕಷ್ಟದಲ್ಲೂ ನಂಬಿಕೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಹಳೆಯ ಸಾಕ್ಷ್ಯವಿದೆ: 1784ರಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಬಂದ ಕ್ರೈಸ್ತರಲ್ಲಿ ಬದುಕುಳಿದ ಅನೇಕರು 1799ರಲ್ಲಿ ಬಿಡುಗಡೆಯಾದ ನಂತರ ಮತ್ತೆ ಚರ್ಚಿಗೆ ಮರಳಿದರು. ಅವರನ್ನು ಒಗ್ಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಬಂದರು.

ಆದರೆ ‘ಕ್ರಿಸ್ತನೇ ಸಾಕು’ ಎಂಬ ಮಾತು ಬಾಯಿ ಮುಚ್ಚಿಸುವ ಬಿರಡೆಯಾಗಬಾರದು. ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವ ಹಕ್ಕನ್ನು 1983ರ ಧರ್ಮಸಭಾ ಕಾನೂನಿನ 212ನೇ ವಿಧಿಯೇ ಭಕ್ತರಿಗೆ ಕೊಟ್ಟಿದೆ. ನಡೆದದ್ದು ಅಪರಾಧವಾದರೆ ಚರ್ಚಿನ ಸಮಿತಿಗಾಗಿ ಕಾಯಬೇಡಿ, ನೇರ ಪೊಲೀಸ್ ಠಾಣೆಗೆ ಹೋಗಿ.